ಪಟಾಫಟ್ ಮತ್ತು ಅಪ್ಪನ ಹುಬ್ಬು

ಪಟಾಫಟ್ ಕಂಪನಿಯ ಫ್ರಾಂಚೈಸಿ ನನಗೆ ಸಿಕ್ಕಿತು ಅಂತ ತಿಳಿದ ದಿನ ಅಪ್ಪ ಏನೂ ಹೇಳಲಿಲ್ಲ. ಏನೂ ಹೇಳದಿರುವುದರಲ್ಲಿ ಅಪ್ಪನಿಗೆ ಹಲವು ಬಗೆಗಳಿದ್ದವು. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡಾಗಿನ ಮೌನ ಬೇರೆ, ಗಿರಾಕಿ ಬಟ್ಟೆ ಕಡಿಮೆ ತಂದಾಗಿನದು ಬೇರೆ, ನಾನು ತತ್ವಶಾಸ್ತ್ರದಲ್ಲಿ ಎಂ.ಎ. ಮಾಡುತ್ತೇನೆ ಅಂದಾಗ ಹಿಡಿದದ್ದು ಇನ್ನೊಂದು. ಓದು ಮುಗಿಸಿ ಬಂದು ಕೆಲಸವಿಲ್ಲದೆ ಮನೆಯಲ್ಲಿ ಕೂತ ಕಾಲದಲ್ಲಿ ನಾನು ಅಭ್ಯಾಸ ಮಾಡಿದ್ದು ಹೆಚ್ಚಾಗಿ ಇವನ್ನೇ. ಆದರೆ ಆ ದಿನದ ಮೌನ ಯಾವ ಬಗೆಗೂ ಸೇರಲಿಲ್ಲ. ಅಪ್ಪ ಎದ್ದು ತಮ್ಮ ಟೈಲರ್ ಅಂಗಡಿಯನ್ನು ಟೇಪು ಹಿಡಿದು ಅಳೆದರು. ಸೀಮೆಸುಣ್ಣದಲ್ಲಿ ನೆಲದ ಮೇಲೆ ಒಂದು ಗೆರೆ ಎಳೆದರು. ಹೊಲಿಗೆ ಮಿಷನ್ನನ್ನು ಗೆರೆಯ ಹಿಂದಕ್ಕೆ ತಳ್ಳಿದರು. ರಸ್ತೆಗೆ ಮುಖ ಮಾಡಿದ್ದ ಅರ್ಧ ನನ್ನದಾಯಿತು, ಓಣಿಗೆ ಬಾಗಿಲಿದ್ದ ಅರ್ಧ ಅವರಿಗೆ ಉಳಿಯಿತು, ಗೆರೆಯ ಮೇಲೆ ಆಮೇಲೆ ಒಂದು ಗೋಡೆ ಎದ್ದಿತು. ಇದನ್ನೆಲ್ಲ ನೋಡುತ್ತಿದ್ದ ಅವ್ವ, ಮೂವತ್ತು ವರ್ಷದಿಂದ ತಾನು ಕೇಳಿದರೂ ಒಂದು ಕಪಾಟು ಸರಿಸದ ಮನುಷ್ಯ ಇವತ್ತು ಅಂಗಡಿಯನ್ನೇ ಕತ್ತರಿಸಿದರು ಅಂದಳು. ಅಪ್ಪ ಟೇಪು ಸುತ್ತಿಟ್ಟರು.

ನಮ್ಮ ಊರಲ್ಲಿ ತಿಂದದ್ದರ ರುಚಿ ತಿಂದಾಗಲೇ ಬರುವುದಿಲ್ಲ, ಸ್ವಲ್ಪ ಹೊತ್ತು ಕಳೆದ ಮೇಲೆ ಬರುತ್ತದೆ. ಬೆಳಗಿನ ತಿಂಡಿಯದು ಮಧ್ಯಾಹ್ನದ ಊಟಕ್ಕೆ ಕೂರುವ ಮುಂಚೆ, ಮಧ್ಯಾಹ್ನದ ಊಟದ್ದು ಸಂಜೆ ಬಿಸಿಲು ನೀರಿನ ಟ್ಯಾಂಕಿನ ಹಿಂದಕ್ಕೆ ಸರಿಯುವಾಗ. ರಾತ್ರಿ ಉಂಡದ್ದು ನಿದ್ದೆಯಲ್ಲಿ ಬಂದು ಹೋಗುವುದರಿಂದ ಅದಕ್ಕೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ, ಹೆಚ್ಚಿನವರು ಗಂಜಿ ಕುಡಿದು ಮಲಗುತ್ತಾರೆ. ರಾತ್ರಿ ಹಾಗಲಕಾಯಿ ಬೇಯಿಸುವ ಮನೆಯಿಂದ ಯಾರೂ ಹೆಣ್ಣು ತರುವುದಿಲ್ಲ. ಮಧ್ಯಾಹ್ನ ಮಿಲ್ಲಿನ ಸೈರನ್ ಕೂಗಿದಾಗ ಇಡೀ ಊರು ಒಟ್ಟಿಗೆ ಉಣ್ಣುತ್ತದೆ, ಹಾಗಾಗಿ ಸಂಜೆ ಇಡೀ ಊರಿಗೆ ಒಟ್ಟಿಗೇ ರುಚಿ ಬರುತ್ತದೆ. ಅದಕ್ಕೆ ರುಚಿಹೊತ್ತು ಎಂದು ಹೆಸರು. ಆಗ ತಕ್ಕಡಿ ಅರ್ಧಕ್ಕೆ ನಿಲ್ಲುತ್ತದೆ, ಕತ್ತರಿ ಕೆಳಗಿಡುತ್ತಾರೆ, ಬಸ್ಸು ಎಲ್ಲಿದೆಯೋ ಅಲ್ಲೇ ನಿಲ್ಲುತ್ತದೆ. ಯಾರ ಜೊತೆ ಉಂಡೆವೋ ಅವರ ಪಕ್ಕ ಹೋಗಿ ಕೂರಬೇಕು, ಮಾತಾಡಬಾರದು. ರುಚಿ ನೋಡುತ್ತಿರುವವರನ್ನು ಏನಾದರೂ ಕೇಳಿದರೆ ಅವರು ಉತ್ತರ ಕೊಡಬೇಕಾಗಿಲ್ಲ. ಆ ಮೌನಕ್ಕೆ ಯಾವ ಅರ್ಥ ಹಚ್ಚಿಕೊಳ್ಳಬೇಕು ಅನ್ನುವುದು ಕೇಳಿದವರಿಗೆ ಬಿಟ್ಟದ್ದು. ಹೀಗೆ ಒಪ್ಪಿಗೆಯಾದ ಮದುವೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಅವ್ವ ತನ್ನದೂ ಅಂಥದ್ದೇ ಅನ್ನುತ್ತಾಳೆ.

ನನಗೂ ಅಪ್ಪನಿಗೂ ಆಡುವ ಮಾತು ಏನೂ ಇರಲಿಲ್ಲ. ಜಗಳವಲ್ಲ. ಅವರು ಬಟ್ಟೆಯ ಮನುಷ್ಯ, ನಾನು ಪುಸ್ತಕದವನು, ನಡುವೆ ಒಂದು ವಿಷಯ ಸಿಗುತ್ತಿರಲಿಲ್ಲ ಅಷ್ಟೇ. ಆದರೆ ಮಧ್ಯಾಹ್ನ ಅವ್ವ ತರುವ ಡಬ್ಬಿಯನ್ನು ಅಂಗಡಿಯಲ್ಲಿ ಇಬ್ಬರೂ ಬಿಚ್ಚಿ ಉಣ್ಣುತ್ತಿದ್ದೆವು, ಸಂಜೆ ಅಂಗಡಿ ಮುಂದಿನ ಬೆಂಚಿನ ಮೇಲೆ ಕೂರುತ್ತಿದ್ದೆವು. ಮೊದಲು ಹುಣಸೆಯ ಹುಳಿ ಬರುತ್ತಿತ್ತು, ಆಮೇಲೆ ಬೇಳೆ, ಅದರ ಹಿಂದೆ ಇಂಗು. ಇಂಗು ಬಂದಾಗ ಅಪ್ಪ ಎಡಗಡೆಯ ಹುಬ್ಬನ್ನು ಒಂದಿಷ್ಟು ಮೇಲಕ್ಕೆತ್ತುತ್ತಿದ್ದರು. ಬಂತಾ, ಅಂತ ಅರ್ಥ. ಅದೇ ಗಳಿಗೆಗೆ ನನಗೂ ಬಂದಿರುತ್ತಿತ್ತು, ತಲೆ ಆಡಿಸುತ್ತಿದ್ದೆ. ಹಸಿಮೆಣಸು ಕಚ್ಚಿದ್ದರೆ ಇಬ್ಬರೂ ಒಟ್ಟಿಗೇ ಸುಯ್ ಅನ್ನುತ್ತಿದ್ದೆವು. ತಂದೆ ಮಕ್ಕಳು ಬಹಳ ಮಾತಾಡುವ ಮನೆಗಳನ್ನು ನಾನು ಕಂಡಿದ್ದೇನೆ. ಅವರಿಗಿಂತ ನಮ್ಮ ಮಾತುಕತೆ ಕಡಿಮೆಯದು ಅಂತ ನನಗೆ ಯಾವತ್ತೂ ಅನ್ನಿಸಿಲ್ಲ.

ಹೀಗಿದ್ದವನು ಫ್ರಾಂಚೈಸಿಗೆ ಯಾಕೆ ಅರ್ಜಿ ಹಾಕಿದೆ ಎಂದರೆ, ಅಪ್ಪ ಬಾಯಿ ಬಿಟ್ಟು ಏನಾದರೂ ಹೇಳುವಂಥ ಕೆಲಸವೊಂದನ್ನು ಮಾಡಬೇಕು ಅನ್ನಿಸಿತ್ತು. ಪಟಾಫಟ್ ದೊಡ್ಡ ಕಂಪನಿ. ಬನ್ನು, ಆಲೂ ಫ್ರೈ, ಮಿರ್ಚಿ ಬನ್ನು, ಚೀಸ್ ಬನ್ನು. ಹಾದುಹೋಗುವ ಹೆದ್ದಾರಿಗಳಲ್ಲೆಲ್ಲ ಅದರ ಹಳದಿ ಬೋರ್ಡು. ಸಂದರ್ಶನಕ್ಕೆ ನಗರಕ್ಕೆ ಕರೆಸಿದರು. ಈ ವ್ಯಾಪಾರ ನಿಮಗೆ ಯಾಕೆ ಬೇಕು ಅಂತ ಕೇಳಿದರು. ನಾನು ಯೋಚನೆಗೆ ಬಿದ್ದೆ. ಬೇಕು ಅನ್ನುವುದು ಎಲ್ಲಿಂದ ಹುಟ್ಟುತ್ತದೆ, ಬೇಕು ಅನ್ನುವವನು ಯಾರು, ಅಂತೆಲ್ಲ. ನನ್ನ ಆ ಸುದೀರ್ಘ ಮೌನವನ್ನು ಅವರು ಆತ್ಮವಿಶ್ವಾಸ ಎಂದು ತಿಳಿದು ತರಬೇತಿಗೆ ಆರಿಸಿಕೊಂಡರು.

ತರಬೇತಿಯಲ್ಲಿ ಒಂದೇ ಒಂದು ಕಷ್ಟವಾಯಿತು. ಊರ ಗಡಿಯ ಆಚೆ ರುಚಿ ತುತ್ತಿನ ಜೊತೆಗೇ ಬರುತ್ತದೆ. ಎದುರಿಗೆ ಗುರುತಿಲ್ಲದ ಜನ ಕೂತಿರುವಾಗಲೇ ಬನ್ನಿನ ರುಚಿ ಬಾಯಿತುಂಬ ಬಂದುಬಿಟ್ಟಿತು. ಬಚ್ಚಲಲ್ಲಿರುವಾಗ ಯಾರೋ ಬಾಗಿಲು ತೆಗೆದಂತಾಯಿತು ನನಗೆ. ತಲೆ ತಗ್ಗಿಸಿದೆ. ತರಬೇತಿ ಕೊಡುತ್ತಿದ್ದ ಏರಿಯಾ ಮ್ಯಾನೇಜರ್ ಹೆಬ್ಬಳ್ಳಿ ಅವರು ಬಂದು ನನ್ನ ಗದ್ದ ಎತ್ತಿ, ನಗಬೇಕು, ನಗಬೇಕು, ಮೊದಲ ತುತ್ತಿನ ನಗುವೇ ನಮ್ಮ ಕಂಪನಿಯ ಆಸ್ತಿ ಅಂದರು. ಪ್ರತಿ ಅಂಗಡಿಯಲ್ಲೂ ಗಿರಾಕಿಗಳ ಮೊದಲ ತುತ್ತಿನ ನಗುವಿನ ಫೋಟೋ ಗೋಡೆಗೆ ಹಾಕಬೇಕಂತೆ. ದೀಪಾವಳಿವರೆಗೆ ಅಂಗಡಿ ನಡೆಸುವುದು ನೋಡಿ ಪಕ್ಕಾ ಸಹಿ ಹಾಕುತ್ತೇವೆ, ಅಲ್ಲಿಯವರೆಗೆ ಎಲ್ಲವೂ ತಾತ್ಕಾಲಿಕ ಅಂದರು. ಒಂದು ಷರತ್ತನ್ನು ಮಾತ್ರ ಬೆರಳೆತ್ತಿ ಹೇಳಿದರು. ಬೆಳಗ್ಗೆ ಎತ್ತಿದ ಶಟರ್ ರಾತ್ರಿಯವರೆಗೆ ಇಳಿಯಕೂಡದು. ‘ಯಾವಾಗ ಬಂದರೂ ಪಟಾಫಟ್’ ಅಂತ ಬೋರ್ಡಿನ ಮೇಲೆಯೇ ಬರೆದಿತ್ತು.

ಕಂಪನಿ ಕೊಟ್ಟ ಹಳದಿ ಅಂಗಿ ನನಗೆ ಭುಜದಲ್ಲಿ ಜೋಲುತ್ತಿತ್ತು. ಅಂಗಡಿ ಶುರುವಾಗುವ ಹಿಂದಿನ ದಿನ ಅದು ಗೂಟದಿಂದ ಕಾಣೆಯಾಗಿ, ಬೆಳಗ್ಗೆ ಇಸ್ತ್ರಿಯಾಗಿ ಅಲ್ಲೇ ತೂಗುತ್ತಿತ್ತು. ಹಾಕಿಕೊಂಡರೆ ಎರಡು ಭುಜವೂ ಸರಿಯಾಗಿ ಕೂತವು. ನಾನು ಅಪ್ಪನ ಕಡೆ ನೋಡಿದೆ. ಅವರು ಸೂಜಿಗೆ ದಾರ ಪೋಣಿಸುತ್ತಿದ್ದರು.

ಮೊದಮೊದಲು ಯಾರೂ ಬರಲಿಲ್ಲ. ಊಟವಲ್ಲದ ಹೊತ್ತಲ್ಲಿ ತಿನ್ನುವುದು ನಮ್ಮವರಿಗೆ ಗೊತ್ತಿರಲಿಲ್ಲ. ತಿಂದರೆ ಅದರ ರುಚಿ ಎಲ್ಲೋ ಹೇಗೋ ಇದ್ದಾಗ ಬಂದು ಮಾನ ಕಳೆಯುತ್ತದೆ ಅನ್ನುವ ಹೆದರಿಕೆ. ಬಂದ ಒಬ್ಬಿಬ್ಬರ ಫೋಟೋ ತೆಗೆದು ಗೋಡೆಗೆ ಹಾಕಿದೆ. ಮೊದಲ ತುತ್ತಿನಲ್ಲಿ ಅವರ ಮುಖಗಳು ರೇಷನ್ ಕಾರ್ಡಿನಲ್ಲಿದ್ದಂತೆ ಇದ್ದವು. ಅದೃಷ್ಟ ತಿರುಗಿದ್ದು ಕ್ಷೌರದಂಗಡಿ ಓಬಳೇಶಣ್ಣನಿಂದ. ಅವನು ಒಂದು ದಿನ ಬೆಳಗ್ಗೆ ಹನ್ನೊಂದಕ್ಕೆ ಬಂದು, ಬರೀ ಕುತೂಹಲಕ್ಕೆ, ಎರಡು ಮಿರ್ಚಿ ಬನ್ನು ತಿಂದು ಹೋದ. ಮಧ್ಯಾಹ್ನ ಊಟವಾದ ಮೇಲೆ ಗುರುಮೂರ್ತಪ್ಪ ಮೇಷ್ಟ್ರಿಗೆ ಮೀಸೆ ತಿದ್ದುತ್ತಿದ್ದಾಗ ಅವನಿಗೆ ಮಿರ್ಚಿ ಬಂತು. ಕತ್ತಿ ಕೆಳಗಿಟ್ಟು, ಕಣ್ಣು ಮುಚ್ಚಿ, ಹೊಂಗೆ ಮರದ ಕೆಳಗೆ ಹೋಗಿ ಕೂತುಬಿಟ್ಟ. ರುಚಿ ನೋಡುವವನನ್ನು ಮಾತಾಡಿಸುವ ಹಾಗಿಲ್ಲ. ಮೇಷ್ಟ್ರು ಒಂದೇ ಕಡೆ ಮೀಸೆ ಇಟ್ಟುಕೊಂಡು ಸ್ಕೂಲಿಗೆ ಹೋಗಿ ಭೂಗೋಳದ ಪಾಠ ಮಾಡಿದರು.

ಊರು ಎರಡು ದಿನ ನಕ್ಕಿತು. ಮೂರನೆಯ ದಿನ ಪೋಸ್ಟ್‌ಮಾಸ್ಟರ್ ಹೆಂಡತಿ ಕಾತ್ಯಾಯಿನಮ್ಮನವರು ಬಂದರು. ನನ್ನನ್ನು ಪಕ್ಕಕ್ಕೆ ಕರೆದು, ಯಾವ ಬನ್ನು ಯಾವಾಗ ತಿಂದರೆ ಯಾವಾಗ ರುಚಿ ಬರುತ್ತದೆ, ಎಷ್ಟು ಹೊತ್ತು ಇರುತ್ತದೆ ಅಂತ ವಿಚಾರಿಸಿದರು. ಅವರ ಯಜಮಾನರು ಪೋಸ್ಟಾಫೀಸಿನಿಂದ ಮನೆಗೆ ಬಂದ ಕೂಡಲೇ ದಿನದ ತಪ್ಪುಗಳನ್ನೆಲ್ಲ ಒಂದೊಂದಾಗಿ ಕೇಳುವ ಮನುಷ್ಯ. ಅವರು ಬಾಗಿಲಿಗೆ ಬರುವ ಹೊತ್ತಿಗೆ ಸರಿಯಾಗಿ ಚೀಸು ಬಂದರೆ ಸಾಕು ಅಂದರು. ಒಂದು ಚೀಸ್ ಬನ್ನು ಕಟ್ಟಿಕೊಟ್ಟೆ. ಮರುದಿನ ಎರಡು ಒಯ್ದರು. ಆಮೇಲೆ ಎಲ್ಲರಿಗೂ ಗೊತ್ತಾಯಿತು. ಗುರುಮೂರ್ತಪ್ಪ ಮೇಷ್ಟ್ರೇ ಇನ್‌ಸ್ಪೆಕ್ಟರ್ ಬರುವ ದಿನ ಆಲೂ ಫ್ರೈ ತಿಂದು ಸ್ಕೂಲಿಗೆ ಹೋಗತೊಡಗಿದರು. ಮುನಿಸಿಪಾಲಿಟಿಯ ಸದಸ್ಯರೊಬ್ಬರು ಸಭೆಯಲ್ಲಿ ನಲ್ಲಿ ನೀರಿನ ಪ್ರಶ್ನೆ ಬಂದಾಗ ಕಣ್ಣು ಮುಚ್ಚಿ ಮಿರ್ಚಿ ನೋಡಿದರು. ಅವರ ಈವರೆಗಿನ ಉತ್ತರಗಳಲ್ಲಿ ಅದೇ ಅತ್ಯುತ್ತಮ ಅಂತ ಜನ ಆಡಿಕೊಂಡರು. ಗಂಡು ನೋಡಲು ಬಂದಾಗ ಹುಡುಗಿಯರು, ಹೆಣ್ಣು ನೋಡಲು ಹೋಗುವ ಮುಂಚೆ ಹುಡುಗರು, ಪಂಚಾಯಿತಿಗೆ ಮುಂಚೆ ಅಣ್ಣತಮ್ಮಂದಿರು, ಎಲ್ಲರೂ ನನ್ನ ಕೌಂಟರಿನ ಮುಂದೆ ನಿಂತರು. ಬನ್ನಿನ ರುಚಿ ಹೇಗಿತ್ತು ಅಂತ ಒಬ್ಬರೂ ಹೇಳಲಿಲ್ಲ. ಅವರು ಕೊಳ್ಳುತ್ತಿದ್ದದ್ದು ಮೌನ. ನಾನು ಜೀವಮಾನವಿಡೀ ಪ್ರೀತಿಸಿದ ವಸ್ತುವನ್ನು ಕಾಗದದಲ್ಲಿ ಸುತ್ತಿ ಬಿಸಿಬಿಸಿಯಾಗಿ ಮಾರುತ್ತಿದ್ದೇನೆ ಎಂದು ತಿಳಿದು ನನಗೆ ಬಹಳ ಸಂತೋಷವಾಯಿತು. ಎಂ.ಎ. ಪೂರ್ತಿ ದಂಡವಾಗಲಿಲ್ಲ ಅನ್ನಿಸಿತು.

ಸಂತೋಷದಲ್ಲಿ ನಾನು ಸಂಜೆಯನ್ನು ಗಮನಿಸಲಿಲ್ಲ. ಎಲ್ಲರೂ ಯಾವ್ಯಾವುದೋ ಹೊತ್ತಿಗೆ ತಿನ್ನತೊಡಗಿದ ಮೇಲೆ ಎಲ್ಲರಿಗೂ ಯಾವ್ಯಾವುದೋ ಹೊತ್ತಿಗೆ ರುಚಿ ಬರತೊಡಗಿತು. ಬಿಸಿಲು ಟ್ಯಾಂಕಿನ ಹಿಂದೆ ಸರಿದಾಗ ಒಬ್ಬ ಕಣ್ಣು ಮುಚ್ಚಿದ್ದರೆ ಪಕ್ಕದವನು ಈರುಳ್ಳಿ ರೇಟು ಕೇಳುತ್ತಿದ್ದ. ರೇಡಿಯೋಗಳು ನಿಲ್ಲುತ್ತಿರಲಿಲ್ಲ. ಶಟರ್ ಇಳಿಸುವ ಹಾಗಿಲ್ಲದ್ದರಿಂದ ನಾನೂ ಡಬ್ಬಿ ಊಟ ಬಿಟ್ಟೆ. ಬಿಡುವಾದಾಗ, ಹೆಚ್ಚಾಗಿ ಮೂರರ ಮೇಲೆ, ನಿಂತಲ್ಲೇ ಒಂದು ಬನ್ನು ನುಂಗುತ್ತಿದ್ದೆ. ಗೋಡೆಯಾಚೆ ಅಪ್ಪ ಒಬ್ಬರೇ ಡಬ್ಬಿ ಬಿಚ್ಚುವ ಸದ್ದು ಕೇಳುತ್ತಿತ್ತು.

ಒಂದು ಸಂಜೆ ಗಿರಾಕಿ ಕಡಿಮೆ ಇದ್ದಾಗ ಬೆಂಚಿಗೆ ಬಂದು ಅಪ್ಪನ ಪಕ್ಕ ಕೂತೆ. ಅವರ ಮುಖ ನೋಡುತ್ತಾ ಲೆಕ್ಕ ಹಾಕಿದೆ. ಈಗ ಹುಳಿ, ಈಗ ಬೇಳೆ. ಎಡಗಡೆಯ ಹುಬ್ಬು ಮೇಲಕ್ಕೆ ಹೋಯಿತು. ನನ್ನ ಬಾಯಲ್ಲಿ ಏನೂ ಇರಲಿಲ್ಲ, ಆದರೂ ತಲೆ ಆಡಿಸಿದೆ. ಕೂದಲೆಳೆಯಷ್ಟು ತಡವಾಯಿತು, ಅಷ್ಟೇ. ಬಟ್ಟೆಯಲ್ಲಿ ಒಂದು ನೂಲು ಓರೆಯಾದರೆ ಕಾಣುವ ಕಣ್ಣು ಅದು. ಹುಬ್ಬು ಮೆಲ್ಲಗೆ ಕೆಳಗಿಳಿಯಿತು. ಅಪ್ಪ ಎದ್ದು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಮಿಷನ್ನಿನ ಸದ್ದು ಶುರುವಾಯಿತು. ರುಚಿಹೊತ್ತಿನಲ್ಲಿ ಆ ಮಿಷನ್ನು ಓಡಿದ್ದನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ.

ಅಂದಿನಿಂದ ದಿನಾ ಅದೇ. ಕಾರಣವನ್ನು ಅವ್ವ ಹೇಳಿದಳು. ಅವಳು ಕೌಂಟರಿನ ಆಚೆ, ಗಿರಾಕಿಗಳ ಸಾಲಿನಲ್ಲಿ ನಿಂತು, ತನ್ನ ಸರದಿ ಬಂದಾಗ ಹೇಳಿದಳು.

“ನಿಮ್ಮಪ್ಪ ಮಧ್ಯಾಹ್ನ ಉಣ್ಣೋದು ಬಿಟ್ಟವ್ರೆ ಕಣೋ ಪಂಚು. ಡಬ್ಬಿ ತರಬೇಡ ಅಂದವ್ರೆ.”

ನಾನು ಯಾಕೆ ಅಂತ ಕೇಳಿದೆ.

“ಉಂಡ್ರೆ ಸಂಜೆ ರುಚಿ ಬರುತ್ತಲ್ಲಪ್ಪ. ಒಬ್ರೇ ಕೂತ್ಕೊಂಡು ಏನು ಮಾಡ್ತಾರೆ ಅದನ್ನ?” ಅಂದಳು. ಹಿಂದಿದ್ದವರು ಸರಿಯಿರಿ ಅಂದರು. ಅವ್ವ ಅವರನ್ನು ದುರುಗುಟ್ಟಿ ನೋಡಿ, ಇಷ್ಟು ಓದಿಸಿದ್ದಕ್ಕೆ ಇದನ್ನಾದರೂ ತಿಳಿದುಕೋ ಅನ್ನುವಂತೆ ನನ್ನನ್ನೂ ನೋಡಿ ಹೋದಳು.

ತಿಳಿದುಕೊಂಡೆ. ಆದರೆ ದೀಪಾವಳಿಗೆ ಇನ್ನು ಕೆಲವೇ ದಿನವಿತ್ತು. ಸಹಿಯಾಗಲಿ, ಆಮೇಲೆ ನೋಡೋಣ ಎಂದುಕೊಂಡೆ. ಹಳದಿ ಅಂಗಿ ಸೊಂಟದಲ್ಲಿ ಸ್ವಲ್ಪ ಬಿಗಿಯಾಗಿತ್ತು, ಅದನ್ನು ಬಿಚ್ಚಿ ಗೂಟಕ್ಕೆ ಹಾಕಿದೆ. ಬೆಳಗ್ಗೆಯೂ ಅದು ಹಾಗೆಯೇ ಇತ್ತು.

ಹೆಬ್ಬಳ್ಳಿ ಅವರು ಹಬ್ಬದ ಹಿಂದಿನ ವಾರ ನಮ್ಮೂರಿನ ಯೂಸುಫಣ್ಣನ ಬಾಡಿಗೆ ಜೀಪಿನಲ್ಲಿ ಬಂದಿಳಿದರು. ಅಂಗಡಿ ಉದ್ಘಾಟನೆಗೆ ಬಂದಾಗಲೂ ಅವರು ನಮ್ಮೂರಲ್ಲಿ ಬಾಟಲಿ ನೀರು ಬಿಟ್ಟು ಬೇರೇನೂ ಮುಟ್ಟಿರಲಿಲ್ಲ, ಹೊಟ್ಟೆ ಸೂಕ್ಷ್ಮ ಎಂದು. ವ್ಯಾಪಾರ ನೋಡಿ ನನ್ನ ಬೆನ್ನು ತಟ್ಟಿದರು. ಗೋಡೆಯ ಫೋಟೋಗಳನ್ನು ಒಂದೊಂದಾಗಿ ನೋಡಿದರು. ಇವರೆಲ್ಲ ಯಾಕೆ ಹೀಗಿದ್ದಾರೆ ಅಂತ ಕೇಳಿ, ಉತ್ತರಕ್ಕೆ ಕಾಯದೆ, ಹೋಗಲಿ ಬಿಡಿ ಅಂದರು. ಹೊರಡುವ ಮುಂಚೆ ಸಹಿ ಹಾಕುತ್ತೇನೆಂದು ಪೆನ್ನು ಜೇಬಿಗೆ ಸಿಕ್ಕಿಸಿಕೊಂಡು ಕೌಂಟರಿನ ಪಕ್ಕ ಕೂತರು.

ಅಷ್ಟರಲ್ಲಿ ಮಿಲ್ಲಿನ ಸೈರನ್ ಕೂಗಿತು. ಯೂಸುಫಣ್ಣ ಜೀಪಿನಿಂದ ಬುತ್ತಿ ತೆಗೆದುಕೊಂಡು ಮರದ ಕೆಳಗೆ ಹೋದ. ಗೋಡೆಯಾಚೆ ಮಿಷನ್ನು ಓಡುತ್ತಲೇ ಇತ್ತು. ಸೈರನ್ನಿನ ಕೂಗು ಇಳಿಯಿತು, ಮಿಷನ್ನು ನಿಲ್ಲಲಿಲ್ಲ. ಹಸಿದ ಮನುಷ್ಯ ಮಿಷನ್ ತುಳಿಯುವ ಸದ್ದು ಬೇರೆಯೇ ಇರುತ್ತದೆ, ಒಂದು ಸಲ ಕೇಳಿಸಿತೆಂದರೆ ಆಮೇಲೆ ಬೇರೇನೂ ಕೇಳಿಸುವುದಿಲ್ಲ. ಕೌಂಟರಿನ ಮುಂದೆ ನಾಲ್ಕೈದು ಜನ ನಿಂತಿದ್ದರು. ಊಟ ಮಾಡಿ ಬನ್ನಿ ಅಂತ ಅವರಿಗೆ ಹೇಳಿ ನಾನು ಶಟರ್ ಎಳೆದೆ.

ಹೆಬ್ಬಳ್ಳಿ ಅವರಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಕತ್ತಲಲ್ಲಿ ಅವರ ಧ್ವನಿ ಮಾತ್ರ ಬಂತು. “ನೋಡಿ ಪಂಚಾಕ್ಷರಿ, ಶಟರ್ ಎತ್ತಿ. ಎತ್ತದಿದ್ರೆ ಸಹಿ ಇಲ್ಲ.”

“ನಮ್ಮಪ್ಪ ಊಟ ಮಾಡಿಲ್ಲ ಸಾರ್,” ಅಂದೆ.

ಕೈಗೆ ಸಿಕ್ಕಿದ್ದು ಒಳಗೆ ಬರೀ ಎಲೆಕೋಸಿನ ಚೂರಿದ್ದ ಮೂರು ಸಾದಾ ಬನ್ನು. ಹಿಂದಿನ ಬಾಗಿಲಿನಿಂದ ಅಪ್ಪನ ಕಡೆ ಹೋಗಿ, ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಒಂದು ಹಾಳೆ ಹಾಸಿ ಅವನ್ನಿಟ್ಟೆ. ಅಪ್ಪ ಈವರೆಗೆ ನನ್ನ ಅಂಗಡಿಯದು ಏನನ್ನೂ ತಿಂದಿರಲಿಲ್ಲ. ಮಿಷನ್ನು ನಿಲ್ಲಿಸಿ ಬನ್ನನ್ನು ನೋಡಿದರು. ನನ್ನನ್ನು ನೋಡಿದರು. ಎದ್ದು ಕೈ ತೊಳೆದುಕೊಂಡರು. ಹಿಂದೆಯೇ ಬೈಯುತ್ತಾ ಬಂದ ಹೆಬ್ಬಳ್ಳಿ ಅವರಿಗೆ ಸ್ಟೂಲು ತೋರಿಸಿ, ಮೂರನೆಯ ಬನ್ನನ್ನು ಅವರ ಮುಂದಕ್ಕೆ ಸರಿಸಿದರು. ಹಿರಿಯರು ಕೊಟ್ಟದ್ದನ್ನು, ಅದರಲ್ಲೂ ತಮ್ಮದೇ ಕಂಪನಿಯದನ್ನು, ಬೇಡ ಅನ್ನುವುದು ಅವರಿಗೆ ಆಗಲಿಲ್ಲ. ಕಚ್ಚಿದರು, ಅಭ್ಯಾಸಬಲದಿಂದ ಹಲ್ಲು ಕಾಣುವಂತೆ ನಕ್ಕು, ಸೂಪರ್ ಅಂದರು. ಅಂಗಿ ತೊಡುವ ಮುಂಚೆಯೇ ಅಳತೆ ಸರಿಯಿದೆ ಅನ್ನುವ ಗಿರಾಕಿಯನ್ನು ನೋಡುವಂತೆ ಅಪ್ಪ ಅವರನ್ನು ನೋಡಿದರು. ಹೆಬ್ಬಳ್ಳಿ ಅವರು ಇನ್ನೊಂದು ತುತ್ತು ಅಗಿದರು, ಮತ್ತೊಂದು. ಮುಖ ಸಣ್ಣದಾಯಿತು. ನಾಲಿಗೆಗೆ ಏನೋ ಆಗಿದೆ ಅಂತ ಮೆಲ್ಲಗೆ ಅಂದುಕೊಂಡರು.

ಊಟವಾದ ಮೇಲೆ ಶಟರ್ ಎತ್ತಿದೆ. ಹೆಬ್ಬಳ್ಳಿ ಅವರು ನನ್ನ ಜೊತೆ ಮಾತು ಬಿಟ್ಟು, ಲೆಕ್ಕಪತ್ರ ನೋಡಿ, ಒಪ್ಪಂದದ ಕಾಗದಗಳನ್ನು ಸಹಿಯಿಲ್ಲದೆ ಚೀಲಕ್ಕೆ ಹಾಕಿ ಹೊರಟರು. ಅಷ್ಟು ಹೊತ್ತಿಗೆ ಬಿಸಿಲು ಟ್ಯಾಂಕಿನ ಹಿಂದಕ್ಕೆ ಸರಿದಿತ್ತು. ಜೀಪಿನಲ್ಲಿ ಯೂಸುಫಣ್ಣ ಕಣ್ಣು ಮುಚ್ಚಿ ಒರಗಿದ್ದ. ಹೊರಡೋಣವೇ ಅಂತ ಅವರು ಕೇಳಿದರು. ಗಟ್ಟಿಯಾಗಿ ಕೇಳಿದರು. ಹಾರನ್ ಒತ್ತಿ ಕೇಳಿದರು. ಬಿರಿಯಾನಿ ಉಂಡ ಮನುಷ್ಯ ಅವನು, ಇನ್ನೂ ಬಹಳ ಹೊತ್ತಿತ್ತು. ಬೇರೆ ದಾರಿಯಿಲ್ಲದೆ ಬಂದು ಬೆಂಚಿನ ಒಂದು ತುದಿಗೆ ಕೂತರು. ಇನ್ನೊಂದು ತುದಿಯಲ್ಲಿ ಆಗಲೇ ಅಪ್ಪ ಕೂತಿದ್ದರು. ಎಷ್ಟೋ ದಿನಗಳ ಮೇಲೆ ಒಳಗೆ ಮಿಷನ್ನು ಸುಮ್ಮನಿತ್ತು. ನಾನು ಕೌಂಟರ್ ಬಿಟ್ಟು ಬಂದು ನಡುವೆ ಕೂತೆ.

ಮೊದಲು ಉಪ್ಪು ಬಂತು. ಆಮೇಲೆ ಎಲ್ಲೋ ದೂರದಲ್ಲಿ ಎಲೆಕೋಸು. ಅದರ ಹಿಂದೆ ಬರಬೇಕಾದದ್ದೇನೋ ಬರಲಿಲ್ಲ, ಬದಲಿಗೆ ಬನ್ನು ಬಂದಿದ್ದ ರಟ್ಟಿನ ಪೆಟ್ಟಿಗೆಯ ರುಚಿ ಬಂತು. ಇಷ್ಟು ದಿನ ಕೆಲಸದ ಗಲಾಟೆಯಲ್ಲಿ ನನಗೂ ಗೊತ್ತಾಗಿರಲಿಲ್ಲ. ಹೆಬ್ಬಳ್ಳಿ ಅವರ ಕಡೆ ಓರೆಗಣ್ಣಿನಿಂದ ನೋಡಿದೆ. ತಮ್ಮದೇ ಧ್ವನಿಯನ್ನು ಮೊದಲ ಸಲ ಟೇಪಿನಲ್ಲಿ ಕೇಳಿದವರ ಮುಖ ಹೇಗಿರುತ್ತದೋ ಹಾಗಿತ್ತು. ಎಷ್ಟು ವರ್ಷದಿಂದ ಎಷ್ಟು ಊರುಗಳಲ್ಲಿ ಅದನ್ನು ತಿಂದು ನಕ್ಕಿದ್ದರೋ. ನಿಂತು, ನಗುತ್ತಾ, ಮುಂದಿನ ಅಂಗಡಿಯ ಯೋಚನೆಯಲ್ಲಿ. ಅದರ ಜೊತೆ ಬೇರೇನೂ ಕೆಲಸವಿಲ್ಲದೆ ಕೂತದ್ದು ಇದೇ ಮೊದಲಿರಬೇಕು. ಅವರು ಒಮ್ಮೆ ಎಂಜಲು ನುಂಗಿ ಕಣ್ಣು ಮುಚ್ಚಿಕೊಂಡರು.

ಬನ್ನಿನ ರುಚಿ ಬೇಗ ಮುಗಿಯಿತು. ಅದೂ ಪಟಾಫಟ್. ಅಪ್ಪ ಗಂಟಲು ಸರಿಮಾಡಿಕೊಂಡರು.

“ಉಪ್ಪು,” ಅಂದರು.

ಅಂಗಡಿ ಶುರುವಾದಾಗಿನಿಂದ ಅದರ ಬಗ್ಗೆ ಅವರಾಡಿದ ಮೊದಲ ಮಾತು. ಇಷ್ಟಕ್ಕೇ ಮುಗಿಯಿತು ಅಂದುಕೊಂಡೆ. ಅವರು ಎದುರಿನ ಟ್ಯಾಂಕನ್ನೇ ನೋಡುತ್ತಾ, ಬಟ್ಟೆಗೆ ಕತ್ತರಿ ಹಾಕುವ ಮುಂಚೆ ಕೈ ಆಡಿಸುವಂತೆ ಗಾಳಿಯಲ್ಲಿ ಒಮ್ಮೆ ಕೈ ಆಡಿಸಿದರು.

“ನಿಮ್ಮವ್ವಂಗೆ ಹೇಳು. ನಾಳೆಯಿಂದ ಶೇಂಗಾ ಚಟ್ನಿ ಅರೀಲಿ. ಬನ್ನಿನ ಒಳಗೆ ಸವರು. ಮಧ್ಯಾಹ್ನ ಶಟರ್ ಇಳಿಸು. ಸಂಜೇನೂ ಇಳಿಸು. ಮಿಕ್ಕ ಹೊತ್ತು ನಡೆಸು, ಜನಕ್ಕೂ ಬೇಕು ಅದು. ಕಾತ್ಯಾಯಿನಮ್ಮ ಪಾಪ.”

ಅಪ್ಪ ನನ್ನೊಡನೆ ಒಂದೇ ಸಲಕ್ಕೆ ಇಷ್ಟು ಮಾತಾಡಿದ್ದು ನೆನಪಿಲ್ಲ. ಅವರಿಗೇ ಆಯಾಸವಾದಂತೆ ಕಂಡಿತು. ಆದರೆ ಚಟ್ನಿ ಸವರುವುದು ಕಂಪನಿಯ ನಿಯಮದಲ್ಲಿಲ್ಲ, ಶಟರ್ ಇಳಿಸುವುದಂತೂ ಇಲ್ಲವೇ ಇಲ್ಲ. ನಾನು ಹೆಬ್ಬಳ್ಳಿ ಅವರ ಕಡೆ ತಿರುಗಿದೆ. ಅವರು ಇನ್ನೂ ಕಣ್ಣು ಮುಚ್ಚಿಕೊಂಡೇ ಇದ್ದರು.

“ಸಾರ್,” ಅಂದೆ, “ದಿನಕ್ಕೆ ಎರಡು ಸಲ ಶಟರ್ ಇಳಿಸ್ತೀನಿ. ಒಳಗೆ ಚಟ್ನಿ ಹಾಕ್ತೀನಿ. ಇದಕ್ಕೆ ಸಹಿ ಹಾಕ್ತೀರಾ?”

ಉತ್ತರವಿಲ್ಲ. ರೆಪ್ಪೆಗಳು ಒಮ್ಮೆ ಅದುರಿದವು, ಬಿಚ್ಚಿಕೊಳ್ಳಲಿಲ್ಲ. ಓಬಳೇಶಣ್ಣನ ಅಂಗಡಿಯ ರೇಡಿಯೋ ಯಾಕೋ ನಿಂತಿತ್ತು. ಜೀಪಿನಲ್ಲಿ ಯೂಸುಫಣ್ಣ ಬಿರಿಯಾನಿ ಮುಗಿಸಿ ಕಣ್ಣು ಬಿಟ್ಟು, ಬೆಂಚಿನ ಮೇಲಿದ್ದ ಸಾಹೇಬರನ್ನು ನೋಡಿ, ಅವರನ್ನು ಮಾತಾಡಿಸಬಾರದೆಂದು ಮತ್ತೆ ಒರಗಿದ. ಹೆಬ್ಬಳ್ಳಿ ಅವರ ಎರಡು ಕೈಯೂ ಮಡಿಲಲ್ಲಿದ್ದ ಚೀಲದ ಮೇಲಿದ್ದವು. ಬಹಳ ಹೊತ್ತಾದ ಮೇಲೆ ಬಲಗೈ ತಾನಾಗಿಯೇ ಎಂಬಂತೆ ಜೇಬಿನ ಪೆನ್ನನ್ನು ತೆಗೆದು ಬೆಂಚಿನ ಮೇಲೆ, ನನ್ನ ಪಕ್ಕಕ್ಕೆ ಇಟ್ಟಿತು. ಕಣ್ಣು ಮಾತ್ರ ಮುಚ್ಚಿಯೇ ಇದ್ದವು. ಮುಖದಲ್ಲಿ ನಗುವಿರಲಿಲ್ಲ, ನಮ್ಮ ಗೋಡೆಯ ಫೋಟೋಗಳಲ್ಲಿ ಒಂದರಂತೆ ಇತ್ತು.

ಒಂದು ಸಾದಾ ಬನ್ನಿನ ರುಚಿ ಅಷ್ಟು ಹೊತ್ತು ಇರುವುದಿಲ್ಲ. ಅದು ನನಗೂ ಗೊತ್ತಿತ್ತು, ಅಪ್ಪನಿಗೂ ಗೊತ್ತಿತ್ತು. ಅಪ್ಪ ನನ್ನ ಕಡೆ ತಿರುಗಿದರು. ಎಡಗಡೆಯ ಹುಬ್ಬು ಮೆಲ್ಲಗೆ ಮೇಲಕ್ಕೆ ಹೋಯಿತು. ನಾನು ತಲೆ ಆಡಿಸಿದೆ. ಈ ಸಲ ತಡವಾಗಲಿಲ್ಲ.